ಅತ್ತೆಯ ಹೊಟ್ಟೆಯಲ್ಲಿ ಕಂಡ ಕೆಂಪು ಚೌಕ

ಅತ್ತೆ ಅರ್ಧ ಮುದ್ದೆ ಬಿಟ್ಟು ಎದ್ದರು.

ಅದು ನನಗೆ ನೆನಪಿರುವ ಮೊದಲ ದಿನ. ಸೋಮವಾರ, ನನಗೆ ವಾರದ ರಜೆ. ಮಧ್ಯಾಹ್ನಕ್ಕೆ ಹೆಸರುಕಾಳಿನ ಸಾರು ಮಾಡಿದ್ದೆ. ನಮ್ಮ ಅತ್ತೆ ಪಿಳ್ಳಮ್ಮನವರಿಗೆ ಅರವತ್ತೇಳು ವರ್ಷ. ಬೆಳಿಗ್ಗೆ ಎರಡು ಹಸು ಕರೆದು, ಡೈರಿಗೆ ಹಾಲು ಹಾಕಿ, ಹುಲ್ಲು ಕೊಯ್ದು ತಂದು ಊಟಕ್ಕೆ ಕೂತರೆ ಒಂದೂವರೆ ಮುದ್ದೆ ನುಂಗುವ ಹೆಂಗಸು. ತಟ್ಟೆಯಲ್ಲಿ ಅನ್ನದ ಅಗುಳನ್ನೂ ಬಿಟ್ಟವರಲ್ಲ.

"ಯಾಕತ್ತೆ, ಸಾಕಾ?" ಎಂದೆ.

"ಇಳೀತಿಲ್ಲ ಕಣೆ. ಸಾರಿಗೆ ಏನ್ ಹಾಕಿದ್ದೀಯ ನೀನು?"

ಹದಿನಾಲ್ಕು ವರ್ಷದಿಂದ ಹಾಕುತ್ತಿದ್ದುದನ್ನೇ ಹಾಕಿದ್ದೆ. ತಟ್ಟೆ ತೆಗೆದುಕೊಂಡು ಹೋಗಿ ಮಿಕ್ಕ ಮುದ್ದೆಯನ್ನು ಹಸುವಿನ ಬಾನಿಗೆ ಹಾಕಿದೆ.

ಆಮೇಲೆ ಅದು ದಿನವೂ ನಡೆಯಿತು. ಎರಡು ತುತ್ತಿಗೆ ಹೊಟ್ಟೆ ತುಂಬಿತು ಎನ್ನುವರು. ತೇಗುವರು. ಪಕ್ಕೆಯ ಕೆಳಗೆ ಎರಡು ಬೆರಳು ಒತ್ತಿಕೊಂಡು ಜಗಲಿಯ ಮೇಲೆ ಕೂತಿರುವರು. ಸ್ವಲ್ಪ ದಿನಕ್ಕೆ ಸಾರನ್ನು ಬೇರೆಯಾಗಿ, ತಾವೇ ಒಂದು ಸಣ್ಣ ಪಾತ್ರೆಯಲ್ಲಿ ಮಾಡಿಕೊಳ್ಳತೊಡಗಿದರು. "ಸೊಸೆ ಕೈ ಊಟ ಯಾಕೋ ಒಗ್ತಿಲ್ಲ" ಎಂದು ಪಕ್ಕದ ಮನೆಯವರ ಹತ್ತಿರ ಹೇಳುತ್ತಿದ್ದುದು ನನ್ನ ಕಿವಿಗೂ ಬಿತ್ತು.

ನಾನೂ ಅವರನ್ನು ಅನುಮಾನಿಸಿದೆ. ಅದನ್ನು ಮುಚ್ಚಿಟ್ಟು ಬರೆದರೆ ಇದನ್ನು ಬರೆದು ಉಪಯೋಗವಿಲ್ಲ. ನನ್ನನ್ನು ಚುಚ್ಚಲಿಕ್ಕೆ ನಾಟಕ ಮಾಡುತ್ತಿದ್ದಾರೆ ಎಂದುಕೊಂಡೆ. ಒಂದು ದಿನ ಹಾಲಿನ ಕ್ಯಾನು ಎತ್ತುವಾಗ ಅವರ ಕೈಬಳೆ ಮೊಣಕೈವರೆಗೆ ಸರಸರನೆ ಜಾರಿ ಹೋಯಿತು. ಮೊದಲು ಆ ಬಳೆ ಮುಂಗೈ ದಾಟುತ್ತಿರಲಿಲ್ಲ.

ನಾಟಕ ಮಾಡುವವರ ಕೈ ಸಣ್ಣಗಾಗುವುದಿಲ್ಲ.

ನನ್ನ ಕೆಲಸದ ಬಗ್ಗೆ ಹೇಳಬೇಕು. ನಮ್ಮ ಮನೆ ಬೂದಿಗೆರೆ ಪಕ್ಕದ ಹಳ್ಳಿಯಲ್ಲಿ. ನಾನು ದೇವನಹಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಒಂಬತ್ತು ವರ್ಷದಿಂದ ಎಂಡೋಸ್ಕೋಪಿ ರೂಮಿನಲ್ಲೇ ಇದ್ದೇನೆ. ಬಾಯಿಯೊಳಗಿಂದ ಕ್ಯಾಮೆರಾ ಇರುವ ಕೊಳವೆಯನ್ನು ಹೊಟ್ಟೆಗಿಳಿಸಿ ನೋಡುವ ಪರೀಕ್ಷೆ ಅದು. ಡಾಕ್ಟರು ಕೊಳವೆ ಹಿಡಿಯುತ್ತಾರೆ. ನಾನು ರೋಗಿಯ ತಲೆ ಹಿಡಿಯುತ್ತೇನೆ, ಜೊಲ್ಲು ಒರೆಸುತ್ತೇನೆ, ಡಾಕ್ಟರು ಕೇಳಿದಾಗ ಲ್ಯಾಬ್ ಪರೀಕ್ಷೆಗೆ ಹೊಟ್ಟೆಯ ಚೂರು ತೆಗೆಯುವ ಇಕ್ಕಳ, ಫಾರ್ಸೆಪ್ಸ್, ಕೊಡುತ್ತೇನೆ, ಮುಗಿದ ಮೇಲೆ ಕೊಳವೆ ತೊಳೆಯುತ್ತೇನೆ. ಸಾವಿರಾರು ಜನರ ಹೊಟ್ಟೆಯ ಒಳಗೋಡೆ ನೋಡಿದ್ದೇನೆ. ಆರೋಗ್ಯವಾಗಿರುವ ಹೊಟ್ಟೆ ತಿಳಿ ಗುಲಾಬಿ ಬಣ್ಣಕ್ಕಿದ್ದು, ಹತ್ತಿರದಿಂದ ನೋಡಿದರೆ ಸಣ್ಣ ಸಣ್ಣ ಗುಳಿಗಳು ಒಂದೇ ಸಮನಾಗಿ ಕೂತಿರುತ್ತವೆ.

ಎರಡು ವರ್ಷದ ಹಿಂದೆ ನಮ್ಮ ರೂಮಿಗೆ ಇನ್ನೊಂದು ಮಾನಿಟರ್ ಬಂತು. ಸಹನಾ ಎಂಬ ಹುಡುಗಿ ಅದನ್ನು ತಂದಳು. ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಿಎಚ್‌ಡಿ ಮಾಡುತ್ತಿದ್ದವಳು. ಅವಳ ಕಂಪ್ಯೂಟರು ಹೊಟ್ಟೆಯ ಚಿತ್ರವನ್ನು ಸಣ್ಣ ಚೌಕಗಳಾಗಿ ಕತ್ತರಿಸಿ ಪ್ರತಿ ಚೌಕವನ್ನೂ ವಿಂಗಡಿಸುತ್ತಿತ್ತು. ಸರಿಯಿದ್ದರೆ ಸುಮ್ಮನಿರುತ್ತಿತ್ತು. ಊತವಿದ್ದರೆ ಚೌಕದ ಸುತ್ತ ಹಳದಿ ಗೆರೆ. ಅನುಮಾನ ಬಂದರೆ ಕೆಂಪು ಗೆರೆ.

"ಬಣ್ಣ ಅಲ್ಲ ಮೇಡಂ ಇದು ಮುಖ್ಯವಾಗಿ ನೋಡೋದು, ಮೇಲ್ಮೈ" ಎಂದು ಅವಳು ನನಗೆ ವಿವರಿಸಿದ್ದಳು. "ಒಂದು ಚುಕ್ಕೆಗೂ ಪಕ್ಕದ ಚುಕ್ಕೆಗೂ ಎಷ್ಟು ವ್ಯತ್ಯಾಸ ಇದೆ, ಆ ವ್ಯತ್ಯಾಸ ಒಂದು ಕ್ರಮದಲ್ಲಿ ಮತ್ತೆ ಮತ್ತೆ ಬರುತ್ತಾ ಅಂತ ಲೆಕ್ಕ ಹಾಕುತ್ತೆ. ಕಣ್ಣು ಮುಚ್ಕೊಂಡು ಸೀರೆ ಸವರಿದ್ರೆ ನೂಲು ತಪ್ಪಿರೋದು ಕೈಗೆ ಸಿಗುತ್ತಲ್ಲ, ಹಾಗೆ."

ಕಂಪ್ಯೂಟರಿಗೆ ಕಲಿಸಲು ಹಳೆಯ ಚಿತ್ರಗಳು ಬೇಕಿದ್ದವು. ಹೆಸರು ತೆಗೆದುಹಾಕಿದ ರಾಶಿ ರಾಶಿ ಚಿತ್ರಗಳು. ಅವನ್ನು ಮೊದಲ ಸುತ್ತಿನಲ್ಲಿ ವಿಂಗಡಿಸಲು ಕೂರಿಸಿದ್ದು ನನ್ನನ್ನು. ಸರಿಯಿದ್ದರೆ ಒಂದು, ಊತವಿದ್ದರೆ ಎರಡು, ಅನುಮಾನವಿದ್ದರೆ ಮೂರು. ಊಟದ ನಂತರ ಕೂತು ಒತ್ತುತ್ತಿದ್ದೆ. ಡಾಕ್ಟರು ಆಮೇಲೆ ನೋಡುತ್ತಿದ್ದರು, ಆದರೆ ಎಲ್ಲವನ್ನೂ ಅಲ್ಲ. ಕಣ್ಣು ಎಳೆಯುವ ಹೊತ್ತಿನಲ್ಲಿ ನಾನು ಹೇಗೆ ಒಂದು, ಒಂದು, ಒಂದು ಎಂದು ಒತ್ತುತ್ತಾ ಹೋಗಿದ್ದೆ ಎನ್ನುವುದು ನನಗೆ ಮಾತ್ರ ಗೊತ್ತು.

ಹಾಗಾಗಿ ನನಗೆ ಆ ಯಂತ್ರದ ಮೇಲೆ ನಂಬಿಕೆ ಇರಲಿಲ್ಲ. ಅದರ ಮೇಷ್ಟ್ರು ಯಾರು ಅಂತ ಗೊತ್ತಿತ್ತಲ್ಲ.

ಮೇಲಾಗಿ ಅದು ದಿನಕ್ಕೆ ಹತ್ತು ಸಲ ತಪ್ಪುತ್ತಿತ್ತು. ನೀರು ಬಿಟ್ಟು ತೊಳೆದಾಗ ಉಳಿಯುವ ಗುಳ್ಳೆಗೆ ಕೆಂಪು ಚೌಕ. ಕ್ಯಾಮೆರಾದ ಬೆಳಕು ಒದ್ದೆ ಗೋಡೆಯ ಮೇಲೆ ಬಿದ್ದು ಹೊಳೆದರೆ ಕೆಂಪು ಚೌಕ. ಒಮ್ಮೆ ಯಾರದೋ ಹೊಟ್ಟೆಯಲ್ಲಿ ಉಳಿದಿದ್ದ ಟೊಮೆಟೊ ಸಿಪ್ಪೆಗೂ ಕೆಂಪು ಬಂದು ನಾವೆಲ್ಲ ನಕ್ಕಿದ್ದೆವು.

ಅತ್ತೆಯನ್ನು ಪರೀಕ್ಷೆಗೆ ಒಪ್ಪಿಸಲು ಒಂದು ವಾರ ಹಿಡಿಯಿತು.

"ಪೈಪ್ ಬಿಟ್ಟು ನನ್ ಹೊಟ್ಟೆ ನೋಡ್ತೀಯಾ? ನಿನ್ ಕೈಲೇ?" ಎಂದರು.

"ನಾನಲ್ಲ ಅತ್ತೆ, ಡಾಕ್ಟರ್ ನೋಡೋದು."

"ನೀನೂ ಅಲ್ಲೇ ಇರ್ತೀಯಲ್ಲ."

ಕೊನೆಗೆ ನನ್ನ ಗಂಡ ಮುನಿರಾಜು ಹೇಳಿದ ಮೇಲೆ ಬಂದರು. ಅವರು ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ ಮಾಡುತ್ತಾರೆ. ಒಂದು ಗುರುವಾರ ಅರ್ಧ ದಿನ ರಜೆ ಹಾಕಿ ಕರೆದುಕೊಂಡು ಬಂದರು. ಆಸ್ಪತ್ರೆಯಲ್ಲಿ ಒಪ್ಪಿಗೆ ಪತ್ರ ಮುಂದಿಟ್ಟ ಕೂಡಲೇ ಅತ್ತೆ ಕುರ್ಚಿಯಿಂದ ಎದ್ದು ನಿಂತರು.

"ಇದಕ್ಕಾ ನನ್ನ ಕರ್ಕೊಂಡ್ ಬಂದಿದ್ದು?"

ಅವರ ಅಕ್ಕನಿಗೆ ಹಾಗೆಯೇ ಆಗಿತ್ತು. ಪಿಂಚಣಿ ಕಾಗದ ಎಂದು ಯಾರೋ ಬಂದು ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಿದ್ದರು. ಅದು ಜಮೀನಿನ ಕಾಗದ ಎಂದು ತಿಳಿಯುವಾಗ ಹೊಲದ ಸುತ್ತ ಕಲ್ಲುಕಂಬ ನಿಂತಿತ್ತು. ನಮ್ಮ ಕಡೆ ಏರ್‌ಪೋರ್ಟ್ ಬಂದ ಮೇಲೆ ಇಂಥದ್ದು ಮನೆಗೊಂದು ಇದೆ. ಅಂದಿನಿಂದ ಅತ್ತೆ ರಾತ್ರಿಶಾಲೆಗೆ ಹೋಗಿ ಹೆಸರು ಬರೆಯಲು ಕಲಿತರು. ಎಲ್ಲಿಯೂ ಹೆಬ್ಬೆಟ್ಟು ಒತ್ತುವುದಿಲ್ಲ.

"ಅಮ್ಮಾ, ಇದು ಆಸ್ಪತ್ರೆ ಕಾಗದ ಕಣಮ್ಮ" ಎಂದರು ನನ್ನ ಗಂಡ.

"ಓದು. ಪೂರ್ತಿ ಓದು."

ಅವರು ಓದಿದರು. ಸಾಲದೆಂದು ಅತ್ತೆ ಪಕ್ಕದ ಬೆಂಚಿನಲ್ಲಿದ್ದ ಕಾಲೇಜು ಹುಡುಗಿಯ ಕೈಗೆ ಕೊಟ್ಟು ಇನ್ನೊಮ್ಮೆ ಓದಿಸಿದರು. ಅವಳು ಓದಿದ್ದೂ ಮಗ ಓದಿದ್ದೂ ಒಂದೇ ಎಂದು ಖಾತ್ರಿಯಾದ ಮೇಲೆ, ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಬರೆದರು. ಬರೆಯುವಾಗ ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಏನಿತ್ತೆಂದು ನನಗೆ ಗೊತ್ತು.

ಒಳಗೆ ಎಡಮಗ್ಗುಲಿಗೆ ಮಲಗಿಸಿದೆ. ಗಂಟಲಿಗೆ ಸ್ಪ್ರೇ ಹೊಡೆದೆ. ಹಲ್ಲಿನ ನಡುವೆ ಮೌತ್‌ಪೀಸ್ ಇಟ್ಟೆ. ಬೇರೆಯವರು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಅತ್ತೆ ಮಂಚದ ಕಂಬಿ ಹಿಡಿದು ಗೋಡೆ ನೋಡುತ್ತಾ ಮಲಗಿದರು.

ಡಾಕ್ಟರ್ ವಿನಯ್ ಕೊಳವೆ ಇಳಿಸಿದರು. ಅನ್ನನಾಳ ಸರಿಯಿತ್ತು. ಹೊಟ್ಟೆಯ ಮೇಲ್ಭಾಗ ಕೆಂಪಗೆ ಊದಿತ್ತು. ಪಕ್ಕದ ಮಾನಿಟರಿನಲ್ಲಿ ಹಳದಿ ಗೆರೆಗಳು ಒಂದರ ಹಿಂದೊಂದು ಮೂಡಿದವು. ಕೆಳಭಾಗಕ್ಕೆ, ಹೊಟ್ಟೆ ಕರುಳಿಗೆ ಸೇರುವ ಜಾಗದ ಹತ್ತಿರಕ್ಕೆ ಬಂದಾಗ ಕೆಂಪು ಚೌಕವೊಂದು ಕಾಣಿಸಿತು. ಡಾಕ್ಟರು ನೀರು ಬಿಟ್ಟರು. ಚೌಕ ಮಾಯವಾಯಿತು. ಮತ್ತೆ ಬಂತು. ಅತ್ತೆ ಓಕರಿಸುತ್ತಿದ್ದರು. ಕಣ್ಣಿಂದ ನೀರು ಸುರಿಯುತ್ತಿತ್ತು.

"ಗಿರಿಜಾ, ಇದು ನೀರಿನ ಹೊಳಪು ತಾನೆ?" ಡಾಕ್ಟರು ಕೇಳಿದರು.

"ಹೌದು ಸರ್. ದಿನಾ ಬರೋದೇ" ಎಂದೆ.

ಅಷ್ಟೇ.

ಅವರು ಊದಿದ್ದ ಜಾಗದಿಂದ ಎರಡು ಚೂರು ತೆಗೆದು ಕೊಳವೆ ಹೊರಗೆಳೆದರು. ಕೆಂಪು ಚೌಕದ ಜಾಗದಿಂದ ಏನೂ ತೆಗೆಯಲಿಲ್ಲ.

ರಿಪೋರ್ಟಿನಲ್ಲಿ ಗ್ಯಾಸ್ಟ್ರೈಟಿಸ್, ಅಂದರೆ ಹೊಟ್ಟೆಯ ಒಳಪದರದ ಊತ, ಎಂದು ಬಂತು. ಹೊಟ್ಟೆಯಲ್ಲಿ ಒಂದು ಬ್ಯಾಕ್ಟೀರಿಯಾ ಇದೆ, ಎರಡು ವಾರ ಮಾತ್ರೆ ತಿಂದರೆ ಹೋಗುತ್ತದೆ ಎಂದರು. ಅತ್ತೆ ಮಾತ್ರೆ ತಿಂದರು. ಪ್ರತಿ ಮಾತ್ರೆಯ ಹಿಂದಿನ ಹೆಸರನ್ನು ಚೀಟಿಯ ಜೊತೆ ಹೊಂದಿಸಿ ನೋಡಿದ ಮೇಲೆಯೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ತೇಗು ಕಡಿಮೆಯಾಯಿತು. ಒಂದು ಮುದ್ದೆಗೆ ಬಂದರು.

"ನೋಡ್ದಾ, ಏನೂ ಇಲ್ಲ. ಸುಮ್ನೆ ಹೆದರಿಸ್ಬಿಟ್ಟೆ ಎಲ್ರನ್ನೂ" ಎಂದರು ಗಂಡ.

ನನಗೂ ಹಾಗೇ ಅನ್ನಿಸಬೇಕಿತ್ತು. ಆದರೆ ಹೊಸಕೋಟೆ ಕಡೆಯ ಬಸ್ಸಿನಲ್ಲಿ ಕೂತಾಗ, ಪಾತ್ರೆ ತೊಳೆಯುವಾಗ, ಆ ಚೌಕ ಹೋಗಿ ಮತ್ತೆ ಬಂದದ್ದು ಕಣ್ಣ ಮುಂದೆ ಬರುತ್ತಿತ್ತು. ಗುಳ್ಳೆಯಾಗಿದ್ದರೆ ನೀರು ಬಿಟ್ಟಾಗ ಒಡೆದು ಹೋಗಬೇಕಿತ್ತು. ಮತ್ತೆ ಯಾಕೆ ಬಂತು? ಬಳೆ ಇನ್ನೂ ಮೊಣಕೈವರೆಗೆ ಜಾರುತ್ತಿತ್ತು.

ತಿಂಗಳು ಕಳೆದ ಮೇಲೆ ಸಹನಾ ಬಂದಳು. ಕಂಪ್ಯೂಟರು ಕೆಂಪು ಹಾಕಿದ ಚಿತ್ರಗಳನ್ನೆಲ್ಲ ಕೂಡಿಟ್ಟುಕೊಂಡಿರುತ್ತದೆ. ಅವುಗಳಲ್ಲಿ ಯಾವುದು ಸುಮ್ಮನೆ ಹಾಕಿದ್ದು ಎಂದು ಗುರುತು ಮಾಡಿಕೊಟ್ಟರೆ ಅವಳು ಅದನ್ನು ತಿದ್ದುತ್ತಾಳೆ. ನಾನೇ ಕೂತೆ. ಗುಳ್ಳೆ. ತಪ್ಪು. ಹೊಳಪು. ತಪ್ಪು. ಗುಳ್ಳೆ. ತಪ್ಪು. ವೇಗವಾಗಿ ಹೋಗುತ್ತಿದ್ದೆ.

ಒಂದು ಚಿತ್ರಕ್ಕೆ ಬಂದು ಕೈ ನಿಂತಿತು. ಹೆಸರಿರಲಿಲ್ಲ. ದಿನಾಂಕವಿತ್ತು, ಸಮಯವಿತ್ತು. ಆ ಗುರುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಮೇಜಿನ ಮೇಲೆ ಮಲಗಿದ್ದವರು ಯಾರೆಂದು ನನಗೆ ಗೊತ್ತಿತ್ತು.

ನನ್ನ ಬೆರಳು 'ತಪ್ಪು' ಎನ್ನುವ ಕೀ ಮೇಲೆ ಇತ್ತು.

"ಯಾಕೆ ಮೇಡಂ, ನಿಲ್ಲಿಸ್ಬಿಟ್ರಿ?" ಸಹನಾ ಕೇಳಿದಳು.

"ಇದರ ಹಿಂದಿನದು, ಮುಂದಿನದು ತೋರಿಸಮ್ಮ."

ಮೂರು ಚಿತ್ರಗಳಿದ್ದವು. ಮೂರನ್ನೂ ಬೇರೆ ಬೇರೆ ಕೋನದಿಂದ ತೆಗೆದಿತ್ತು, ಕೊಳವೆ ಅಲುಗುತ್ತಿದ್ದುದರಿಂದ. ಬೆಳಕಿನ ಹೊಳಪು ಬೇರೆ ಕಡೆ ಸರಿದಿತ್ತು. ಕೆಂಪು ಚೌಕ ಸರಿದಿರಲಿಲ್ಲ. ಅದು ಮೂರರಲ್ಲೂ ಅದೇ ಮಡಿಕೆಯ ಅದೇ ಅಂಚಿನಲ್ಲಿ ಕೂತಿತ್ತು. ಗೆರೆ ತೆಗೆದು ದೊಡ್ಡದು ಮಾಡಿ ತೋರಿಸು ಎಂದೆ. ಸುತ್ತಲೂ ಗುಳಿಗಳು ಸಮನಾಗಿದ್ದವು. ಆ ಒಂದು ಉಗುರಗಲ ಜಾಗದಲ್ಲಿ ಗುಳಿಗಳು ಕಲಸಿ ಹೋಗಿದ್ದವು, ಒದ್ದೆ ಗಾರೆಯ ಮೇಲೆ ಯಾರೋ ಬೆರಳು ಎಳೆದ ಹಾಗೆ.

ಹೊಳಪಲ್ಲ.

ನಾನು ಯಾಕೆ ಅಂದು ಹಾಗೆ ಹೇಳಿದೆ ಎನ್ನುವುದನ್ನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಯಂತ್ರ ದಿನವೂ ತಪ್ಪುತ್ತಿತ್ತು, ಅದು ನಿಜ. ಅತ್ತೆ ನರಳುತ್ತಿದ್ದರು, ಬೇಗ ಮುಗಿಯಲಿ ಎಂದಿತ್ತು, ಅದೂ ನಿಜ. ಆದರೆ ಅವೆರಡರ ಕೆಳಗೆ ಇನ್ನೊಂದಿತ್ತು. ಆ ಜಾಗದಿಂದ ಚೂರು ತೆಗೆದು, ಅದರಲ್ಲಿ ಏನಾದರೂ ಬಂದರೆ, ಆ ಸುದ್ದಿಯನ್ನು ಮನೆಗೆ ಹೊತ್ತುಕೊಂಡು ಹೋಗಬೇಕಾದವಳು ನಾನು. ಸಾರಿಗೆ ಏನು ಹಾಕಿದ್ದೀಯ ಎಂದು ಕೇಳಿದವರ ಮುಂದೆ ನಿಂತು ನಾನೇ ಹೇಳಬೇಕು. ಅದನ್ನು ತಪ್ಪಿಸಿಕೊಳ್ಳಲು ತಪ್ಪನ್ನು ಯಂತ್ರದ ಮೇಲೆ ಹಾಕಿದೆ.

ಡಾಕ್ಟರ್ ವಿನಯ್ ಊಟ ಮುಗಿಸಿ ಬರುವವರೆಗೆ ಬಾಗಿಲಲ್ಲೇ ನಿಂತಿದ್ದೆ. ಅವರು ಮೂರು ಚಿತ್ರಗಳನ್ನೂ ನೋಡಿದರು. ಬಹಳ ಹೊತ್ತು ನೋಡಿದರು.

"ಮತ್ತೆ ಮಾಡೋಣ. ಯಾವಾಗ ಕರ್ಕೊಂಡು ಬರ್ತೀರಿ?"

"ಸರ್, ಅವತ್ತು ನಾನು ಹೊಳಪು ಅಂದೆ."

"ನಾನು ಕೇಳಿದ್ದು ನಿಮ್ಮ ಅಭಿಪ್ರಾಯ. ಪೀಸ್ ತಗೊಳ್ಳದೆ ಬಿಟ್ಟಿದ್ದು ನಾನು. ಅದನ್ನ ನೀವು ತಲೆ ಮೇಲೆ ಹಾಕ್ಕೋಬೇಡಿ."

ಒಳ್ಳೆಯ ಮಾತೇ. ಆದರೆ ಆಗ ನನ್ನ ಮನಸ್ಸು ಯಾರನ್ನೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಇವರು ನನ್ನ ಮೇಲಿನ ಕರುಣೆಯಿಂದ ಹೇಳುತ್ತಿದ್ದಾರಾ, ತಮ್ಮ ಹೆಸರು ಕೆಡದಿರಲಿ ಎಂದು ನನ್ನನ್ನು ಸಮಾಧಾನ ಮಾಡುತ್ತಿದ್ದಾರಾ ಎಂದು ಬಸ್ಸಿನುದ್ದಕ್ಕೂ ಯೋಚಿಸಿದೆ. ಈಗಲೂ ಒಮ್ಮೊಮ್ಮೆ ಯೋಚಿಸುತ್ತೇನೆ.

ಗಂಡನಿಗೆ ಸಂಜೆ ಹೇಳಿದೆ. ಅವರು ಶೂ ಬಿಚ್ಚುತ್ತಿದ್ದರು. ಒಂದು ಶೂ ಕೈಯಲ್ಲೇ ಉಳಿಯಿತು.

"ನಿಮ್ ಆಸ್ಪತ್ರೆ ಕಂಪ್ಯೂಟರ್ ಕಲಿಯೋಕೆ ನಮ್ಮಮ್ಮನೇ ಬೇಕಾಗಿತ್ತಾ?"

"ಕಂಪ್ಯೂಟರ್ ಸರಿಯಾಗೇ ಹೇಳ್ತು ರೀ. ನಾನು ಬೇಡ ಅಂದೆ."

ಅವರು ಕೈಯಲ್ಲಿದ್ದ ಶೂ ಕೆಳಗಿಟ್ಟು ಒಳಗೆ ಹೋದರು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ಕಟ್ಟಿಟ್ಟ ಊಟದ ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೆಯೇ ಇರುತ್ತಿತ್ತು.

ಅತ್ತೆಗೆ ನಾನೇ ಹೇಳಬೇಕು ಎಂದು ತೀರ್ಮಾನಿಸಿದೆ. ಭಾನುವಾರ ಬೆಳಿಗ್ಗೆ ಅವರು ಕೊಟ್ಟಿಗೆಯಲ್ಲಿ ಹಸುವಿನ ಮೈ ತೊಳೆಯುತ್ತಿದ್ದರು. ನಾನು ನೀರಿನ ಬಕೆಟ್ ಹಿಡಿದು ಪಕ್ಕದಲ್ಲಿ ನಿಂತೆ.

"ಅತ್ತೆ, ಇನ್ನೊಂದ್ ಸಲ ಆ ಪರೀಕ್ಷೆ ಮಾಡಿಸ್ಬೇಕು."

"ವಾಸಿ ಆಗ್ತೈತಲ್ಲ. ಯಾಕೆ?"

"ಅವತ್ತು ಕಂಪ್ಯೂಟರ್ ಒಂದು ಜಾಗ ತೋರಿಸ್ತು. ಅನುಮಾನ ಐತೆ ಅಂತು. ಡಾಕ್ಟರ್ ನನ್ನ ಕೇಳಿದ್ರು. ಏನೂ ಇಲ್ಲ, ಬರೀ ಬೆಳಕು ಅಂತ ನಾನೇ ಹೇಳ್ಬಿಟ್ಟೆ. ಅದು ಬೆಳಕಲ್ಲ ಅತ್ತೆ."

ಅವರು ತೊಳೆಯುವುದನ್ನು ನಿಲ್ಲಿಸಿದರು. ಹಸು ಬಾಲ ಬೀಸಿತು.

"ಯಾಕಂಗಂದೆ?"

"ಹೆದರ್ಕೊಂಡಿದ್ದೆ."

"ಕಾಯ್ಲೆಗಾ, ನನಗಾ?"

ಸುಳ್ಳು ಹೇಳಬಹುದಿತ್ತು. "ಎರಡಕ್ಕೂ" ಎಂದೆ.

ಬೈಯುತ್ತಾರೆ ಎಂದುಕೊಂಡೆ. ಬೀದಿಗೆಲ್ಲ ಕೇಳುವ ಹಾಗೆ ಬೈಯಲಿ ಎಂದೂ ಆಸೆಪಟ್ಟೆ. ಅವರು ಹಸುವಿನ ಬೆನ್ನ ಮೇಲೆ ಕೈಯಿಟ್ಟುಕೊಂಡು ನನ್ನನ್ನೇ ನೋಡಿದರು. ಆಸ್ಪತ್ರೆಯಲ್ಲಿ ಕಾಗದದ ಮೇಲಿಂದ ನೋಡಿದ ಹಾಗಲ್ಲ. ಅಳೆದು ನೋಡುವ ಹಾಗೆ.

"ಇದನ್ನ ನೀನು ಹೇಳ್ದೆ ಇದ್ದಿದ್ರೆ ನನಗೇನು ಗೊತ್ತಾಗ್ತಿತ್ತು?"

"ಗೊತ್ತಾಗ್ತಿರ್ಲಿಲ್ಲ."

"ಮುನಿರಾಜುಗೆ?"

"ಅವ್ರಿಗೂ ಗೊತ್ತಾಗ್ತಿರ್ಲಿಲ್ಲ."

"ಹೂಂ" ಎಂದರು. ಮತ್ತೆ ನೀರು ಕೇಳಿದರು. ಹಸು ತೊಳೆದು ಮುಗಿಸಿದರು. ಒಳಗೆ ಹೋಗುವಾಗ, "ಯಾವತ್ತು ಬರ್ಬೇಕು?" ಎಂದು ಕೇಳಿದರು.

ಎರಡನೇ ಸಲ ಕಾಗದ ಮುಂದಿಟ್ಟಾಗ ಅತ್ತೆ ಅದನ್ನು ನನ್ನ ಕೈಗೆ ಕೊಟ್ಟರು. ನಾನು ಓದಿದೆ. ಪೂರ್ತಿ ಓದಿದೆ, ಒಂದು ಸಾಲೂ ಬಿಡದೆ. ಒಳಗೆ ಡಾಕ್ಟರು ನೇರವಾಗಿ ಆ ಜಾಗಕ್ಕೆ ಹೋದರು. ಕೆಂಪು ಚೌಕ ಬಂತು. ನೀರು ಬಿಟ್ಟರು, ಕಾದರು, ಕೋನ ಬದಲಿಸಿದರು. ಚೌಕ ಅಲ್ಲೇ ಇತ್ತು. ಈ ಸಲ ಅವರು ನನ್ನನ್ನು ಏನೂ ಕೇಳಲಿಲ್ಲ. "ಫಾರ್ಸೆಪ್ಸ್" ಎಂದರು. ನಾಲ್ಕು ಚೂರು ತೆಗೆದರು. ಅವನ್ನು ಸಣ್ಣ ಡಬ್ಬಿಯ ದ್ರಾವಣದಲ್ಲಿ ಹಾಕಿ ಮುಚ್ಚಳ ತಿರುಗಿಸುವುದು ನನ್ನ ಕೆಲಸ. ಒಂಬತ್ತು ವರ್ಷದಲ್ಲಿ ಮೊದಲ ಸಲ ಮುಚ್ಚಳದ ತಿರುಪು ಸರಿಯಾಗಿ ಕೂರಲಿಲ್ಲ. ಡಬ್ಬಿಯ ಮೇಲೆ ಹೆಸರು ಬರೆಯುವಾಗ ಪಿಳ್ಳಮ್ಮ ಎಂಬುದನ್ನು ಮೂರು ಸಲ ನೋಡಿದೆ. ಬೇರೆಯವರ ಡಬ್ಬಿಯ ಜೊತೆ ಅದಲುಬದಲಾದರೆ?

ರಿಪೋರ್ಟಿಗೆ ಎಂಟು ದಿನ ಕಾದೆವು. ಆ ದಿನಗಳಲ್ಲಿ ನಾನು ಎಲ್ಲವನ್ನೂ ಅನುಮಾನಿಸಿದೆ. ಲ್ಯಾಬಿನಿಂದ ತಡವಾದರೆ ಯಾಕೆ ತಡ, ಡಾಕ್ಟರು ಕಾರಿಡಾರಿನಲ್ಲಿ ನಕ್ಕರೆ ಯಾಕೆ ನಕ್ಕರು, ನಗದಿದ್ದರೆ ಯಾಕೆ ನಗಲಿಲ್ಲ.

ರಿಪೋರ್ಟಿನಲ್ಲಿ ಕ್ಯಾನ್ಸರ್ ಎಂದೇ ಇತ್ತು.

ಅದರ ಹಿಂದೆ ಒಂದು ಪದವಿತ್ತು: ಅರ್ಲಿ, ಆರಂಭದ ಹಂತ. ಮೇಲಿನ ಪದರದಲ್ಲಿ ಮಾತ್ರ ಇದ್ದ ಹಾಗೆ ಕಾಣುತ್ತದೆ, ಪೂರ್ತಿ ತೆಗೆದು ನೋಡಿದ ಮೇಲೆ ಖಚಿತ ಎಂದರು ಡಾಕ್ಟರು. ಅತ್ತೆ ಎದುರಿನ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದರು.

"ಗೆಡ್ಡೆನಾ ಸಾಮಿ?"

"ಗೆಡ್ಡೆ ಆಗೋಕೆ ಮುಂಚೇನೇ ಸಿಕ್ಕಿದೆ ಅಮ್ಮಾ. ಬೆಂಗಳೂರಿಗೆ ಕಳಿಸ್ತೀನಿ. ಹೊಟ್ಟೆ ಕೊಯ್ಯದೆ, ಈ ಪೈಪಿಂದಲೇ ಒಳಗೆ ಸುಲಿದು ತೆಗೀತಾರೆ."

"ಹೆಂಗೆ ಸಿಕ್ತು?"

ಡಾಕ್ಟರು ನನ್ನ ಕಡೆ ನೋಡಿದರು. "ಕಂಪ್ಯೂಟರ್ ತೋರಿಸ್ತು. ಸಿಸ್ಟರ್ ಮತ್ತೆ ನೋಡಿದ್ರು" ಎಂದರು. ಅತ್ತೆ ತಲೆಯಾಡಿಸಿದರು. ಅವರಿಗೆ ನಡುವೆ ಬಿಟ್ಟುಹೋದದ್ದೂ ಗೊತ್ತಿತ್ತು. ಅದನ್ನು ಡಾಕ್ಟರ ಮುಂದೆ ಎತ್ತಲಿಲ್ಲ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ನಾನು ಬಾಗಿಲ ಹೊರಗೆ ಕೂತೆ. ಹಾಗೆ ಕೂತದ್ದು ಅದೇ ಮೊದಲು. ಇಷ್ಟು ವರ್ಷ ಒಳಗಿದ್ದು ಹೊರಗೆ ಬಂದು "ಇನ್ನೇನು ಆಯ್ತು, ಕೂತ್ಕೊಳ್ಳಿ" ಎಂದು ಹೇಳಿ ಬಾಗಿಲು ಹಾಕಿಕೊಂಡಿದ್ದೇನೆ. ಆ ಮಾತು ಹೊರಗೆ ಕೂತವರಿಗೆ ಹೇಗೆ ಕೇಳುತ್ತದೆ ಎಂದು ಗೊತ್ತಿರಲಿಲ್ಲ. ನರ್ಸ್ ಒಬ್ಬಳು ಅವಸರದಲ್ಲಿ ಹೊರಗೆ ಹೋಗಿ ಏನೋ ಪ್ಯಾಕೆಟ್ ತಂದಳು. ರಕ್ತ ಜಾಸ್ತಿ ಹೋಗಿದೆಯಾ? ಅದು ಬರೀ ಗ್ಲೌಸ್ ಇರಬಹುದು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದರೂ ಎದ್ದು ನಿಂತೆ. ಗಂಡ ನನ್ನ ಮೊಣಕೈ ಹಿಡಿದು ಕೂರಿಸಿದರು. ಅಷ್ಟು ದಿನದ ಮೇಲೆ ಅವರು ನನ್ನನ್ನು ಮುಟ್ಟಿದ್ದು ಆಗಲೇ.

"ಕೂತ್ಕೋ ಗಿರಿಜಾ" ಎಂದರು. "ನಿನ್ನ ಮೇಲೆ ಕೋಪ ಇಲ್ಲ ಅಂತ ಹೇಳಲ್ಲ. ಇದೆ. ಆದ್ರೆ ಹೋಗುತ್ತೆ."

ನಾಲ್ಕು ದಿನಕ್ಕೆ ಮನೆಗೆ ಕಳಿಸಿದರು. ತೆಗೆದ ಪದರದ ರಿಪೋರ್ಟ್ ಎರಡು ವಾರದ ಮೇಲೆ ಬಂತು. ಅಂಚುಗಳಲ್ಲಿ ರೋಗವಿಲ್ಲ, ಕೆಳಗಿನ ಪದರಕ್ಕೆ ಇಳಿದಿಲ್ಲ ಎಂದಿತ್ತು. ಅಲ್ಲಿನ ಡಾಕ್ಟರನ್ನು ನಾನು ಒಬ್ಬಳೇ ಹೋಗಿ ಕೇಳಿದೆ, ಮೊದಲ ಸಲವೇ ಚೂರು ತೆಗೆದಿದ್ದರೆ ವ್ಯತ್ಯಾಸ ಇರುತ್ತಿತ್ತಾ ಎಂದು.

"ಕೆಲವು ವಾರದಲ್ಲಿ ದೊಡ್ಡ ವ್ಯತ್ಯಾಸ ಆಗಿರಲ್ಲ ಅಂತ ಅನ್ಕೋಬಹುದು" ಎಂದರು. "ಯಾರೂ ಮತ್ತೆ ನೋಡದೆ ವರ್ಷ ಬಿಟ್ಟಿದ್ರೆ ಬೇರೆ ಮಾತು."

ಅನ್ಕೋಬಹುದು. ಆ ಪದವನ್ನು ನಾನು ಇಟ್ಟುಕೊಂಡಿದ್ದೇನೆ. ಅದು ಪೂರ್ತಿ ಬಿಡುಗಡೆಯಲ್ಲ.

ಮನೆಯಲ್ಲಿ ದಿನಚರಿ ಬದಲಾಯಿತು. ಬೆಳಿಗ್ಗೆ ಗಂಡ ಹಾಲು ಕರೆಯಲು ಕಲಿತರು. ಮೊದಲ ವಾರ ಹಸು ಅವರನ್ನು ಹತ್ತಿರ ಸೇರಿಸಲಿಲ್ಲ. ಅತ್ತೆ ಜಗಲಿಯಲ್ಲಿ ಕೂತು, "ಕೆಚ್ಚಲಿಗೆ ಕೈ ಹಾಕೋಕ್ ಮುಂಚೆ ಮಾತಾಡ್ಸೋ" ಎಂದು ಕೂಗುತ್ತಿದ್ದರು. ಅವರಿಗೆ ಎರಡು ಗಂಟೆಗೊಮ್ಮೆ ರಾಗಿ ಗಂಜಿ, ಮೆತ್ತಗಿನ ಅನ್ನ, ಬೇಯಿಸಿದ ಸೋರೆಕಾಯಿ. ನಾನು ಹಾಕಿಕೊಟ್ಟದ್ದನ್ನೇ ತಿಂದರು. ಸಣ್ಣ ಪಾತ್ರೆ ಮತ್ತೆ ಅಟ್ಟ ಸೇರಿತು.

ಆಸ್ಪತ್ರೆಯಲ್ಲಿ ನಾನು ಒಂದು ಕೆಲಸ ಮಾಡಿದೆ. ಕಣ್ಣೆಳೆಯುವ ಹೊತ್ತಿನಲ್ಲಿ ವಿಂಗಡಿಸಿದ್ದರ ಬಗ್ಗೆ ಸಹನಾಳಿಗೆ ಹೇಳಿದೆ. ಕೆಲಸ ಹೋದರೂ ಹೋಗಲಿ ಎಂದುಕೊಂಡೇ ಹೇಳಿದೆ. ಅವಳ ಮುಖ ಸಣ್ಣದಾಯಿತು. ಮಾರನೆಯ ವಾರ ಡಾಕ್ಟರ್ ವಿನಯ್ ಜೊತೆ ಕೂತು ನನ್ನ ಹಳೆಯ ಗುರುತುಗಳನ್ನು ಮತ್ತೆ ಪರಿಶೀಲಿಸಲು ಶುರು ಮಾಡಿದಳು. ಇನ್ನೂ ಮುಗಿದಿಲ್ಲ. ನಾನು 'ಒಂದು' ಎಂದು ಒತ್ತಿದವುಗಳಲ್ಲಿ ಕೆಲವು 'ಮೂರು' ಆದವು. ಹಾಗೆ ಸಿಕ್ಕ ಪ್ರತಿಯೊಂದು ಚಿತ್ರದ ಹಿಂದೆ ಒಬ್ಬರಿದ್ದಾರಲ್ಲ ಎನ್ನುವುದು ನನ್ನ ತಲೆಯಿಂದ ಹೋಗುವುದಿಲ್ಲ. ಅವೆಲ್ಲ ಹಳೆಯ ಚಿತ್ರಗಳು, ಡಾಕ್ಟರು ಅವರಿಗೆ ಆಗಲೇ ಚಿಕಿತ್ಸೆ ಕೊಟ್ಟಿರುತ್ತಾರೆ, ನಿಮ್ಮ ಗುರುತು ಕಂಪ್ಯೂಟರಿಗೆ ಮಾತ್ರ ಎಂದು ಸಹನಾ ಸಮಾಧಾನ ಹೇಳುತ್ತಾಳೆ. ಇರಬಹುದು. ಆದರೆ ಅದನ್ನು ನೋಡಿ ಕಲಿತ ಕಂಪ್ಯೂಟರು ಈಗ ಯಾರ ಹೊಟ್ಟೆಯನ್ನು ನೋಡಿ ಸುಮ್ಮನಿರುತ್ತಿದೆಯೋ.

ಹೋದ ತಿಂಗಳು ಆರು ತಿಂಗಳ ಚೆಕಪ್ ಇತ್ತು. ನಮ್ಮ ಆಸ್ಪತ್ರೆಯಲ್ಲೇ ಮಾಡಿದೆವು. ಅವತ್ತು ನನಗೆ ಬೇರೆ ರೂಮಿನಲ್ಲಿ ಡ್ಯೂಟಿ ಹಾಕಿದ್ದರು. ಇನ್ನೊಬ್ಬ ಸಿಸ್ಟರ್ ಮೌತ್‌ಪೀಸ್ ಹಿಡಿದು ನಿಂತಿದ್ದಾಳೆ, ಅತ್ತೆ ಬಾಯಿ ಬಿಗಿ ಹಿಡಿದು ಮಲಗಿದ್ದಾರೆ ಎಂದು ನನ್ನನ್ನು ಕರೆಯಲು ಬಂದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಬಾಯಿ ತೆರೆದರು.

ಗಾಯದ ಜಾಗ ಬಿಳಿಚಿಕೊಂಡು ನಕ್ಷತ್ರದ ಹಾಗೆ ಸುಕ್ಕುಗಟ್ಟಿತ್ತು. ಅದರ ಮೇಲೆ ಕೆಂಪು ಚೌಕ ಬಂತು. ಕಲೆಯ ಮೇಲ್ಮೈ ಬೇರೆಯೇ ಆಗಿರುವುದರಿಂದ ಹಾಗೆ ಬರುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆದರೂ ನಾನು ಆ ಚೌಕದಿಂದ ಕಣ್ಣು ತೆಗೆಯಲಿಲ್ಲ. ಡಾಕ್ಟರು ನನ್ನ ಮುಖ ನೋಡಿದರು.

"ಚೂರು ತೆಗೀರಿ ಸರ್" ಎಂದೆ. ತೆಗೆದರು.

ರಿಪೋರ್ಟ್ ಶುದ್ಧವಾಗಿ ಬಂತು. ತರಲು ಅತ್ತೆಯೂ ಜೊತೆಗೆ ಬಂದಿದ್ದರು. ವಾಪಸ್ ಹೋಗುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಫೈಲನ್ನು ತೊಡೆಯ ಮೇಲಿಟ್ಟುಕೊಂಡು, "ಈಗ್ಲೂ ಆ ಮಿಷನ್‌ಗೆ ನನ್ ಮೇಲೆ ಅನುಮಾನನಾ?" ಎಂದು ಕೇಳಿದರು.

"ಹೂಂ ಅತ್ತೆ. ಇನ್ನು ಮುಂದೇನೂ ಇರುತ್ತೆ."

"ಇರ್ಲಿ ಬಿಡು" ಎಂದರು.

ಪಕ್ಕದ ಸೀಟಿನ ಹೆಂಗಸು ಯಾವ ಆಸ್ಪತ್ರೆ, ಏನು ಕಾಯಿಲೆ ಎಂದು ಮಾತಿಗೆಳೆದರು. ಅತ್ತೆ ಕಾಯಿಲೆಯ ಹೆಸರನ್ನು ಹೇಳಿಯೇ ಹೇಳಿದರು, ತಗ್ಗಿಸಿದ ದನಿಯಲ್ಲೂ ಅಲ್ಲ. ಆಮೇಲೆ ನನ್ನ ಕಡೆ ಗಲ್ಲ ತಿರುಗಿಸಿ ತೋರಿಸಿದರು.

"ನಮ್ ಸೊಸೆ. ಅಲ್ಲೇ ಕೆಲ್ಸ. ಒಂದ್ಸಲ ತಪ್ಪು ಮಾಡ್ಬಿಟ್ಲು, ಬಂದು ನನ್ ಮುಂದೇನೇ ಹೇಳಿದ್ಲು. ಇವ್ಳು ಪಕ್ಕದಾಗಿಲ್ದಿದ್ರೆ ನಾನಲ್ಲಿ ಬಾಯಿ ತೆಗೆಯಾಕಿಲ್ಲ."

ಆ ಹೆಂಗಸು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಎಲ್ಲಿ ನೋಡಬೇಕೋ ಗೊತ್ತಾಗದೆ ನಾನು ಟಿಕೆಟ್ ಮಡಿಚುತ್ತಾ ಕೂತೆ. ಅಷ್ಟು ನಂಬಿಕೆಗೆ ನಾನು ತಕ್ಕವಳೇ ಎಂಬುದು ನನಗೆ ಗೊತ್ತಿಲ್ಲ. ಮುಂದಿನ ಚೆಕಪ್ಪಿಗೆ ಇನ್ನೂ ಐದು ತಿಂಗಳಿದೆ. ಅವತ್ತು ನನಗೆ ಎಂಡೋಸ್ಕೋಪಿ ರೂಮಿನಲ್ಲೇ ಡ್ಯೂಟಿ ಬೇಕು ಎಂದು ಈಗಲೇ ಬರೆದುಕೊಟ್ಟು ಬಂದಿದ್ದೇನೆ.